ಕಪ್ಪು ಪರದೆಯಲ್ಲಿ ಕಂಟ್ರೋಲ್ ಕೀಲಿಯ ಕರಾಮತ್ತು

ಬೆಂಗಳೂರಿನ ಯಾವುದೇ ತಂತ್ರಾಂಶ ಕಚೇರಿಯೊಳಗೆ ಇಣುಕಿ ನೋಡಿ. ಬಣ್ಣಬಣ್ಣದ ಕಿಟಕಿಗಳ ನಡುವೆ ಒಂದು ಕಪ್ಪು ಪರದೆ ಇದ್ದೇ ಇರುತ್ತದೆ. ಅದರಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ, ಮೆನುಗಳಿಲ್ಲ. ಮಿನುಗುವ ಒಂದು ಕರ್ಸರ್, ಅದರ ಮುಂದೆ ಖಾಲಿ ಸಾಲು, ಅಷ್ಟೇ. ಆದೇಶವನ್ನು ಅಕ್ಷರಗಳಲ್ಲಿ ಬೆರಳಚ್ಚಿಸಿ ಎಂಟರ್ ಒತ್ತಿದರೆ ಗಣಕಯಂತ್ರ ಅದನ್ನು ಪಾಲಿಸುತ್ತದೆ. ಇದೇ ಕಮಾಂಡ್ ಲೈನ್. ಕನ್ನಡದಲ್ಲಿ ಆದೇಶ ಸಾಲು ಎನ್ನೋಣ. ಬೆರಳ ತುದಿಯಿಂದ ಪರದೆಯನ್ನು ಮುಟ್ಟಿ ಕೆಲಸ ಮಾಡುವ ಈ ಕಾಲದಲ್ಲೂ ಅದು ಅಳಿದಿಲ್ಲ. ದೂರದ ಊರಿನಲ್ಲಿರುವ ಸರ್ವರ್ ಒಂದನ್ನು ಇಲ್ಲಿಂದಲೇ ದುರಸ್ತಿ ಮಾಡಬೇಕಾದರೆ ಇಂದಿಗೂ ಅದೇ ದಾರಿ.

ಈಗ ಆ ಪರದೆಯ ಮುಂದೆ ಕುಳಿತವರ ಬೆರಳುಗಳನ್ನು ಗಮನಿಸಿ. ಎಂಬತ್ತು ಅಕ್ಷರಗಳ ಉದ್ದನೆಯ ಆದೇಶ ಬೆರಳಚ್ಚಿಸಿ ಮುಗಿಸಿದ ಮೇಲೆ, ಮೊದಲ ಪದದಲ್ಲೇ ತಪ್ಪಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಕೆಲವರು ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದು ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಇನ್ನು ಕೆಲವರು ಎಡಬಾಣದ ಕೀಲಿಯನ್ನು ಒತ್ತಿ ಹಿಡಿದು, ಕರ್ಸರ್ ಬಸವನಹುಳುವಿನಂತೆ ತೆವಳುವುದನ್ನು ನೋಡುತ್ತ ಕೂರುತ್ತಾರೆ. ಹತ್ತು ವರ್ಷ ಈ ಕಸುಬಿನಲ್ಲಿ ಪಳಗಿದವರಲ್ಲೂ ಈ ಅಭ್ಯಾಸವನ್ನು ಕಂಡಿದ್ದೇನೆ. ಬಹಳ ಕಾಲ ನಾನೂ ಅವರಲ್ಲಿ ಒಬ್ಬನಾಗಿದ್ದೆ. ಒತ್ತಬೇಕಾಗಿದ್ದುದು ಎರಡೇ ಕೀಲಿ: ಕಂಟ್ರೋಲ್ ಮತ್ತು ಎ. ಕರ್ಸರ್ ಒಂದೇ ನೆಗೆತಕ್ಕೆ ಸಾಲಿನ ಆರಂಭಕ್ಕೆ ಹೋಗಿ ನಿಲ್ಲುತ್ತದೆ.

ಇಂಥ ಕಿರುದಾರಿಗಳು ಹತ್ತಾರು ಇವೆ. ಪಟ್ಟಿ ಕೊಟ್ಟರೆ ಯಾರಿಗೂ ನೆನಪಿರುವುದಿಲ್ಲ. ಗೋಡೆಗೆ ಅಂಟಿಸಿದ ಪಟ್ಟಿಗಳು ಧೂಳು ಹಿಡಿಯುವುದನ್ನು ಎಷ್ಟೋ ಕಡೆ ನೋಡಿದ್ದೇವೆ. ಆದರೆ ಈ ಕೀಲಿಗಳು ಯಾರೋ ಮನಸ್ಸಿಗೆ ಬಂದಂತೆ ಹಂಚಿದವಲ್ಲ. ಒಂದೊಂದರ ಹಿಂದೆಯೂ ಕಾರಣವಿದೆ. ಆ ಕಾರಣ ತಿಳಿದರೆ ಕೀಲಿ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ಕಾಗದದ ಕಾಲದ ಸಂಕೇತಗಳು

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ರೂಪುಗೊಳ್ಳಲಾರಂಭಿಸಿತು. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಅದರ ಶಿಲ್ಪಿಗಳು. ಅವರ ಮುಂದೆ ಇದ್ದುದು ಪರದೆಯಲ್ಲ, ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರ. ಮನುಷ್ಯ ಬೆರಳಚ್ಚಿಸಿದ್ದೂ ಗಣಕ ಉತ್ತರಿಸಿದ್ದೂ ಒಂದೇ ಕಾಗದದ ಸುರುಳಿಯ ಮೇಲೆ ಮುದ್ರಣವಾಗುತ್ತಿತ್ತು. ಆಗ ಬಹಳ ಬಳಕೆಯಲ್ಲಿದ್ದ ಮಾಡೆಲ್ 33 ಯಂತ್ರದ ವೇಗ ಸೆಕೆಂಡಿಗೆ 10 ಅಕ್ಷರ! ಅಂಥ ಯಂತ್ರದ ಮುಂದೆ ಕುಳಿತವರು ಆದೇಶಗಳಿಗೆ ಎರಡಕ್ಷರದ ಮೊಟಕು ಹೆಸರಿಟ್ಟರು ಎಂದರೆ ಆಶ್ಚರ್ಯವಿಲ್ಲ. ಪಟ್ಟಿ ತೋರಿಸಲು ಎಲ್‌ಎಸ್, ನಕಲು ಮಾಡಲು ಸಿಪಿ, ಅಳಿಸಲು ಆರ್‌ಎಂ. ಇಂದಿಗೂ ಅವೇ ಹೆಸರುಗಳು.

ಕಂಟ್ರೋಲ್ ಕೀಲಿಯ ಮೂಲವೂ ಅಲ್ಲಿಯೇ ಇದೆ. ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆಗಳನ್ನು ನಿಗದಿ ಮಾಡಿದ ಆಸ್ಕಿ ಎಂಬ ಮಾನದಂಡ 1963ರಲ್ಲಿ ಪ್ರಕಟವಾಯಿತು. ಅದರಲ್ಲಿ ದೊಡ್ಡಕ್ಷರ ಎ ಎಂದರೆ 65, ಬಿ ಎಂದರೆ 66. ಕಂಟ್ರೋಲ್ ಕೀಲಿ ಮಾಡುತ್ತಿದ್ದ ಕೆಲಸ ಆ ಸಂಖ್ಯೆಯಿಂದ 64 ಕಳೆಯುವುದು. ಹಾಗಾಗಿ ಕಂಟ್ರೋಲ್ ಹಿಡಿದು ಎ ಒತ್ತಿದರೆ ಹೊರಡುವ ಸಂಕೇತ 1. 72ನೆಯ ಅಕ್ಷರವಾದ ಎಚ್ ಒತ್ತಿದರೆ 8, ಅಂದರೆ ಬ್ಯಾಕ್‌ಸ್ಪೇಸ್. ಐ ಒತ್ತಿದರೆ 9, ಅದು ಟ್ಯಾಬ್. ಎಂ ಒತ್ತಿದರೆ 13, ಅದೇ ಎಂಟರ್. ನಂಬಿಕೆ ಬಾರದಿದ್ದರೆ ಆದೇಶ ಸಾಲಿನಲ್ಲಿ ಏನಾದರೂ ಬರೆದು ಕಂಟ್ರೋಲ್ ಹಿಡಿದು ಎಂ ಒತ್ತಿ ನೋಡಿ. ಎಂಟರ್ ಒತ್ತಿದಂತೆಯೇ ಆಗುತ್ತದೆ. ಅರುವತ್ತು ವರ್ಷ ಹಳೆಯ ಕಳೆಯುವ ಲೆಕ್ಕ ನಿಮ್ಮ ಹೊಚ್ಚ ಹೊಸ ಲ್ಯಾಪ್‌ಟಾಪಿನಲ್ಲಿ ಇನ್ನೂ ನಡೆಯುತ್ತಿದೆ.

ಎರಡನೆಯ ಮೂಲ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ 1976ರಲ್ಲಿ ಅದು ಹುಟ್ಟಿತು. ಕರ್ಸರನ್ನು ಓಡಿಸಲು ಅಲ್ಲಿ ಬಾಣದ ಕೀಲಿಗಳ ಬದಲು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಬಳಸಿದರು. ಫಾರ್ವರ್ಡ್‌ಗೆ ಎಫ್, ಬ್ಯಾಕ್‌ವರ್ಡ್‌ಗೆ ಬಿ, ಎಂಡ್‌ಗೆ ಇ, ಕಿಲ್‌ಗೆ ಕೆ. ಆರಂಭಕ್ಕೆ ಮಾತ್ರ ವರ್ಣಮಾಲೆಯ ಮೊದಲಕ್ಷರ ಎ. ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಎಂಬ ಶೆಲ್ 1989ರಲ್ಲಿ ಹೊರಬಂದಾಗ ಇದೇ ಕೀಲಿಗಳನ್ನು ಉಳಿಸಿಕೊಂಡಿತು. ನೀವು ಬೆರಳಚ್ಚಿಸಿದ ಆದೇಶವನ್ನು ಓದಿ ಅರ್ಥ ಮಾಡಿಕೊಂಡು ಕೆಲಸ ಮಾಡಿಸುವ ತಂತ್ರಾಂಶವೇ ಶೆಲ್. ಲಿನಕ್ಸ್‌ನಲ್ಲಿ ಬಹುಮಟ್ಟಿಗೆ ಎಲ್ಲೆಡೆ ಕಾಣಸಿಗುವ ಶೆಲ್ ಇದೇ ಬ್ಯಾಶ್. ಸಾಲನ್ನು ತಿದ್ದುವ ಭಾಗವನ್ನು ರೀಡ್‌ಲೈನ್ ಎಂಬ ಪ್ರತ್ಯೇಕ ಲೈಬ್ರರಿಯಾಗಿ ಇಟ್ಟದ್ದರಿಂದ ಬೇರೆ ತಂತ್ರಾಂಶಗಳೂ ಅದನ್ನು ಎರವಲು ಪಡೆದವು. ಪೋಸ್ಟ್‌ಗ್ರೆಸ್ ದತ್ತಾಂಶ ಸಂಗ್ರಹದೊಡನೆ ಮಾತಾಡುವಾಗಲೂ ಜಿಡಿಬಿಯಲ್ಲಿ ದೋಷ ಹುಡುಕುವಾಗಲೂ ಇವೇ ಕೀಲಿಗಳು ನಡೆಯುತ್ತವೆ. ಒಮ್ಮೆ ಕಲಿತರೆ ಹತ್ತು ಕಡೆ ದಕ್ಕುವ ವಿದ್ಯೆ ಇದು.

ಕತ್ತರಿಸು, ಅಂಟಿಸು

ಕಂಟ್ರೋಲ್-ಎ ಸಾಲಿನ ಆರಂಭಕ್ಕೆ, ಕಂಟ್ರೋಲ್-ಇ ಅಂತ್ಯಕ್ಕೆ. ಆಲ್ಟ್ ಕೀಲಿಯೊಂದಿಗೆ ಬಿ ಅಥವಾ ಎಫ್ ಒತ್ತಿದರೆ ಅಕ್ಷರದ ಬದಲು ಒಂದೊಂದು ಪದ ಹಿಂದಕ್ಕೆ, ಮುಂದಕ್ಕೆ. ಚಲನೆಗೆ ಇಷ್ಟು ಸಾಕು.

ಅಳಿಸುವುದರಲ್ಲಿ ಸ್ವಾರಸ್ಯ ಹೆಚ್ಚು. ಕಂಟ್ರೋಲ್-ಡಬ್ಲ್ಯು ಕರ್ಸರಿನ ಹಿಂದಿರುವ ಒಂದು ಪದವನ್ನು ತೆಗೆಯುತ್ತದೆ. ಕಂಟ್ರೋಲ್-ಯು ಆರಂಭದವರೆಗೂ ಇರುವುದನ್ನೆಲ್ಲ ತೆಗೆಯುತ್ತದೆ, ಕಂಟ್ರೋಲ್-ಕೆ ಅಂತ್ಯದವರೆಗೂ ಇರುವುದನ್ನು. ಹೀಗೆ ತೆಗೆದದ್ದು ನಾಶವಾಗುವುದಿಲ್ಲ. ಕಂಟ್ರೋಲ್-ವೈ ಒತ್ತಿದರೆ ಕರ್ಸರ್ ಇರುವ ಜಾಗಕ್ಕೆ ಮರಳಿ ಬರುತ್ತದೆ. ಇದರ ಉಪಯೋಗ ಹೀಗೆ: ಉದ್ದನೆಯ ಆದೇಶವೊಂದನ್ನು ಬರೆಯುತ್ತಿದ್ದೀರಿ. ನಡುವೆ ಕಡತದ ಹೆಸರು ಮರೆತುಹೋಯಿತು. ಪಟ್ಟಿ ನೋಡಬೇಕು. ಬರೆದದ್ದನ್ನು ಅಳಿಸುವ ಅಗತ್ಯವಿಲ್ಲ. ಕಂಟ್ರೋಲ್-ಯು ಒತ್ತಿ ಸಾಲನ್ನು ಎತ್ತಿಡಿ, ಎಲ್‌ಎಸ್ ನೀಡಿ ಪಟ್ಟಿ ನೋಡಿ, ಆಮೇಲೆ ಕಂಟ್ರೋಲ್-ವೈ. ಎತ್ತಿಟ್ಟದ್ದು ಹಾಗೇ ಇಳಿದುಬರುತ್ತದೆ. ಆದರೆ ಒಂದು ಮಾತು. ಇದು ಶೆಲ್‌ನ ಸ್ವಂತ ಚೀಲ. ನೀವು ಬೇರೆಡೆ ಕಂಟ್ರೋಲ್-ಸಿ, ಕಂಟ್ರೋಲ್-ವಿ ಎಂದು ಬಳಸುವ ಕ್ಲಿಪ್‌ಬೋರ್ಡಿಗೂ ಇದಕ್ಕೂ ಸಂಬಂಧವಿಲ್ಲ.

ನನಗೆ ಅತ್ಯಂತ ಪ್ರಿಯವಾದ ಕೀಲಿ ಆಲ್ಟ್ ಮತ್ತು ಚುಕ್ಕೆ. ಹಿಂದಿನ ಆದೇಶದ ಕೊನೆಯ ಪದವನ್ನು ಅದು ಈ ಸಾಲಿಗೆ ತಂದು ಕೂಡಿಸುತ್ತದೆ. ಹೊಸ ಕಡತಕೋಶವೊಂದನ್ನು ಸೃಷ್ಟಿಸಿ, ಮರುಕ್ಷಣ ಅದರೊಳಗೆ ಹೋಗಬೇಕಾದಾಗ ಉದ್ದನೆಯ ಹೆಸರನ್ನು ಮತ್ತೆ ಬರೆಯುವುದೇಕೆ? ಸಿಡಿ ಎಂದು ಬರೆದು ಆಲ್ಟ್-ಚುಕ್ಕೆ ಒತ್ತಿದರೆ ಮುಗಿಯಿತು. ಟ್ಯಾಬ್ ಕೀಲಿಯ ವಿಷಯ ಬಹುಮಂದಿಗೆ ಗೊತ್ತು. ಹೆಸರಿನ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಶೆಲ್ ತುಂಬುತ್ತದೆ. ಅದನ್ನು ಕೇವಲ ಶ್ರಮ ಉಳಿಸುವ ಸಾಧನ ಎಂದು ತಿಳಿಯಬೇಡಿ. ಟ್ಯಾಬ್ ಒತ್ತಿಯೂ ಹೆಸರು ತುಂಬಲಿಲ್ಲವೆಂದರೆ, ಒಂದೋ ಅಂಥ ಕಡತ ಅಲ್ಲಿಲ್ಲ, ಇಲ್ಲವೇ ಒಂದಕ್ಕಿಂತ ಹೆಚ್ಚಿವೆ. ಎಂಟರ್ ಒತ್ತುವ ಮೊದಲೇ ಸಿಕ್ಕ ಎಚ್ಚರಿಕೆ ಅದು.

ಮೇಲ್ಬಾಣದ ಅಪಾಯ

ಶೆಲ್ ತಾನು ಪಾಲಿಸಿದ ಆದೇಶಗಳನ್ನು ನೆನಪಿಟ್ಟುಕೊಳ್ಳುತ್ತದೆ. ಬ್ಯಾಶ್ ಬೇರೇನೂ ಹೇಳದಿದ್ದರೆ 500 ಸಾಲುಗಳನ್ನು ಇಡುತ್ತದೆ. ಉಬುಂಟುವಿನ ಸಿದ್ಧ ವ್ಯವಸ್ಥೆಯಲ್ಲಿ ಅದು 1000. ಈ ಚರಿತ್ರೆಯನ್ನು ಕೆದಕಲು ಎಲ್ಲರೂ ಬಳಸುವುದು ಮೇಲ್ಬಾಣದ ಕೀಲಿ. ಒತ್ತಿದಂತೆಲ್ಲ ಒಂದೊಂದೇ ಹಳೆಯ ಆದೇಶ ಬರುತ್ತದೆ. ಬೇಕಾದ್ದು ಕಂಡಾಗ ಎಂಟರ್.

ಇಲ್ಲಿ ನನ್ನದೇ ಒಂದು ಕತೆ ಹೇಳಬೇಕು. ಆಗ ನಾನು ಕೆಲಸ ಮಾಡುತ್ತಿದ್ದ ಕಚೇರಿಯ ಹೆಸರು ಬೇಡ, ತಪ್ಪು ನನ್ನದೇ. ಒಂದು ರಾತ್ರಿ ಸರ್ವರಿನ ಡಿಸ್ಕ್ ತುಂಬಿಹೋಗಿತ್ತು. ಹಳೆಯ ದಿನಚರಿ ಕಡತಗಳಿದ್ದ ಕೋಶಕ್ಕೆ ಹೋಗಿ, ಆರ್‌ಎಂ ಬರೆದು ಮುಂದೆ ನಕ್ಷತ್ರ ಚಿಹ್ನೆ ಹಾಕಿ ಎಂಟರ್ ಒತ್ತಿದೆ. ನಕ್ಷತ್ರವೆಂದರೆ 'ಇಲ್ಲಿರುವುದೆಲ್ಲ' ಎಂದರ್ಥ. ಜಾಗ ತೆರವಾಯಿತು. ಅನಂತರ ಅಂದಿನ ದತ್ತಾಂಶವಿದ್ದ ಕೋಶಕ್ಕೆ ಹೋದೆ. ಸ್ವಲ್ಪ ಮೊದಲು ಕೊಟ್ಟಿದ್ದ ಎಲ್‌ಎಸ್ ಆದೇಶವನ್ನೇ ಮತ್ತೆ ಕೊಡೋಣವೆಂದು ಮೇಲ್ಬಾಣವನ್ನು ಎಣಿಸಿಕೊಂಡು ಒತ್ತಿದೆ. ಎಣಿಕೆ ಒಂದು ತಪ್ಪಿತು. ಕಣ್ಣು ನೋಡುವಷ್ಟರಲ್ಲಿ ಬೆರಳು ಎಂಟರ್ ಒತ್ತಿಯಾಗಿತ್ತು. ಸಾಲಿನಲ್ಲಿ ಇದ್ದುದು ಎಲ್‌ಎಸ್ ಅಲ್ಲ, ಆರ್‌ಎಂ ಮತ್ತು ನಕ್ಷತ್ರ. ಆದೇಶ ಸಾಲಿನಲ್ಲಿ ಕಸದ ಬುಟ್ಟಿ ಇಲ್ಲ, 'ಖಚಿತವೇ?' ಎಂದು ಕೇಳುವ ಪದ್ಧತಿಯೂ ಇಲ್ಲ. ಹಿಂದಿನ ರಾತ್ರಿಯ ನಕಲು ಪ್ರತಿ ಇದ್ದುದರಿಂದ ಪ್ರಾಣ ಉಳಿಯಿತು. ಆದರೆ ಆ ಒಂದು ದಿನ ಇತರರು ಮಾಡಿದ್ದ ಕೆಲಸ ಮರಳಿ ಬರಲಿಲ್ಲ. ಬೆಳಿಗ್ಗೆ ಒಬ್ಬೊಬ್ಬರ ಮೇಜಿನ ಬಳಿಗೂ ಹೋಗಿ ಹೇಳಬೇಕಾಯಿತು.

ಆ ರಾತ್ರಿ ಕಲಿತದ್ದು ಕಂಟ್ರೋಲ್-ಆರ್. ಅದನ್ನು ಒತ್ತಿ, ಬೇಕಾದ ಆದೇಶದ ಒಂದು ತುಣುಕನ್ನು ಬರೆದರೆ ಸಾಕು, ಆ ತುಣುಕು ಇರುವ ತೀರಾ ಇತ್ತೀಚಿನ ಆದೇಶ ಕಾಣಿಸುತ್ತದೆ. ಅದಲ್ಲವಾದರೆ ಮತ್ತೊಮ್ಮೆ ಕಂಟ್ರೋಲ್-ಆರ್. ಇನ್ನೂ ಹಿಂದಿನದು ಬರುತ್ತದೆ. ಬೇಡವೆನಿಸಿದರೆ ಕಂಟ್ರೋಲ್-ಜಿ. ಇಲ್ಲಿ ಎಣಿಕೆಗೆ ಕೆಲಸವಿಲ್ಲ. ಹುಡುಕಿದ್ದನ್ನು ಹೆಸರಿಟ್ಟು ಕರೆಯುತ್ತೀರಿ. ಸಿಕ್ಕಿದ ಕೂಡಲೇ ಎಂಟರ್ ಒತ್ತದೆ ಕಂಟ್ರೋಲ್-ಇ ಒತ್ತುವುದು ನನ್ನ ರೂಢಿ. ಆಗ ಆದೇಶ ನಡೆಯುವುದಿಲ್ಲ, ಸಾಲಿಗೆ ಬಂದು ನಿಲ್ಲುತ್ತದೆ. ಓದಿ, ತಿದ್ದಿ, ಆಮೇಲೆ ಎಂಟರ್.

ಅಳಿಸುವ ಆದೇಶಗಳಿಗೆ ಇನ್ನೂ ಎರಡು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಮೊದಲು ಆರ್‌ಎಂ ಬರೆಯುವುದೇ ಇಲ್ಲ. ಅದೇ ನಕ್ಷತ್ರದೊಡನೆ ಎಲ್‌ಎಸ್ ಕೊಟ್ಟು, ಯಾವ ಯಾವ ಕಡತ ಹೋಗಲಿವೆ ಎಂಬುದನ್ನು ಕಣ್ಣಾರೆ ನೋಡುತ್ತೇನೆ. ಸರಿಯಿದ್ದರೆ ಒಮ್ಮೆ ಮೇಲ್ಬಾಣ, ಕಂಟ್ರೋಲ್-ಎ, ಬಳಿಕ ಮುಂದಿನ ಪದವನ್ನು ಅಳಿಸುವ ಆಲ್ಟ್-ಡಿ. ಎಲ್‌ಎಸ್ ಹೋಯಿತು, ಆ ಜಾಗದಲ್ಲಿ ಆರ್‌ಎಂ ಬರೆದರಾಯಿತು. ಬರೆಯುವುದು ಎರಡೇ ಅಕ್ಷರ, ಉಳಿದದ್ದು ಈಗಾಗಲೇ ಪರೀಕ್ಷೆಯಾದ ಸಾಲು. ಎರಡನೆಯದು, ಆರ್‌ಎಂ ಹಿಂದೆ ಒಂದು ಖಾಲಿ ಜಾಗ ಬಿಡುವುದು. ಉಬುಂಟುವಿನಂಥ ಕಡೆ ಖಾಲಿ ಜಾಗದಿಂದ ಆರಂಭವಾಗುವ ಆದೇಶಗಳು ಚರಿತ್ರೆಗೆ ಸೇರುವುದಿಲ್ಲ. ಮುಂದೆಂದೋ ಮೇಲ್ಬಾಣ ಒತ್ತಿದಾಗ ಆ ಸಾಲು ಎದ್ದುಬರುವ ಭಯವಿಲ್ಲ. ಗುಪ್ತಪದವನ್ನು ಆದೇಶದಲ್ಲೇ ಬರೆಯಬೇಕಾದ ದುರದೃಷ್ಟ ಒದಗಿದರೂ ಇದೇ ಉಪಾಯ ನೆರವಿಗೆ ಬರುತ್ತದೆ.

ಎರಡು ಆಶ್ಚರ್ಯಸೂಚಕ ಚಿಹ್ನೆ ಬರೆದರೆ ಹಿಂದಿನ ಆದೇಶ ಪುನಃ ನಡೆಯುತ್ತದೆ ಎಂದು ಹಲವರು ಹೇಳಿಕೊಡುತ್ತಾರೆ. ಬರ್ಕ್ಲಿಯಲ್ಲಿ ಬಿಲ್ ಜಾಯ್ ರೂಪಿಸಿದ ಸಿ ಶೆಲ್‌ನಿಂದ ಬಂದ ಪದ್ಧತಿ ಅದು. ಅನುಕೂಲವೇನೋ ಹೌದು. ಆದರೆ ಏನು ನಡೆಯಲಿದೆ ಎಂಬುದನ್ನು ತೋರಿಸದೆ ನಡೆಸಿಬಿಡುತ್ತದೆ. ನನ್ನಂಥವರಿಗೆ ಅದು ಬೇಡ.

ನಿಂತುಹೋದ ಪರದೆ

ಹೊಸಬರನ್ನು ಗಾಬರಿಗೊಳಿಸುವ ಪ್ರಸಂಗ ಒಂದಿದೆ. ಬರೆಯುತ್ತ ಬರೆಯುತ್ತ ರೂಢಿಬಲದಿಂದ ಕಡತ ಉಳಿಸಲೆಂದು ಕಂಟ್ರೋಲ್-ಎಸ್ ಒತ್ತುತ್ತಾರೆ. ಪರದೆ ಸ್ತಬ್ಧ. ಏನು ಬರೆದರೂ ಮೂಡುವುದಿಲ್ಲ. ಸರ್ವರ್ ಸತ್ತಿತೆಂದು ಕಿಟಕಿಯನ್ನೇ ಮುಚ್ಚಿಬಿಡುವವರಿದ್ದಾರೆ. ಏನೂ ಸತ್ತಿಲ್ಲ! ಟೆಲಿಟೈಪ್ ಯಂತ್ರಕ್ಕೆ ರಂಧ್ರಗಳಿರುವ ಕಾಗದದ ಪಟ್ಟಿಯನ್ನು ಓದಿಸುತ್ತಿದ್ದ ಕಾಲದಲ್ಲಿ, ಓದುವುದನ್ನು ನಿಲ್ಲಿಸಲು 19ನೆಯ ಸಂಕೇತ, ಮುಂದುವರಿಸಲು 17ನೆಯದು ಬಳಕೆಯಾಗುತ್ತಿದ್ದವು. 64 ಕಳೆಯುವ ಲೆಕ್ಕ ಹಾಕಿದರೆ ಅವು ಎಸ್ ಮತ್ತು ಕ್ಯು. ಕಂಟ್ರೋಲ್-ಕ್ಯು ಒತ್ತಿ, ಪರದೆ ಮತ್ತೆ ಚಲಿಸುತ್ತದೆ. ನೆನಪಿಡಿ, ಸ್ತಬ್ಧವಾಗಿದ್ದಾಗ ನೀವು ಬಡಿದ ಕೀಲಿಗಳೆಲ್ಲ ಸಾಲುಗಟ್ಟಿ ಕಾಯುತ್ತಿರುತ್ತವೆ. ಬಿಡುಗಡೆಯಾದೊಡನೆ ಅವೆಲ್ಲ ಒಮ್ಮೆಲೇ ನುಗ್ಗುತ್ತವೆ. ಆದ್ದರಿಂದ ಗಾಬರಿಯಲ್ಲಿ ಎಂಟರ್ ಬಡಿಯುವುದು ಒಳ್ಳೆಯದಲ್ಲ.

ಕಂಟ್ರೋಲ್-ಸಿ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸುತ್ತದೆ. ಕಂಟ್ರೋಲ್-ಝಡ್ ನಿಲ್ಲಿಸುವುದಿಲ್ಲ, ಮಲಗಿಸುತ್ತದೆ. ಎಫ್‌ಜಿ ಎಂದು ಬರೆದರೆ ಮತ್ತೆ ಎದ್ದೇಳುತ್ತದೆ. ಕೆಲಸ ಮುಗಿಯಿತೆಂದು ಭಾವಿಸಿ ಕಂಟ್ರೋಲ್-ಝಡ್ ಒತ್ತಿ ಹೋಗುವವರು ಸರ್ವರಿನಲ್ಲಿ ಅರೆನಿದ್ರೆಯ ಕೆಲಸಗಳ ಸಾಲನ್ನೇ ಬಿಟ್ಟಿರುತ್ತಾರೆ. ಕಂಟ್ರೋಲ್-ಡಿ ಎಂದರೆ 4ನೆಯ ಸಂಕೇತ, ಆಸ್ಕಿಯಲ್ಲಿ ಅದರ ಹೆಸರು 'ರವಾನೆ ಮುಗಿಯಿತು'. ಖಾಲಿ ಸಾಲಿನಲ್ಲಿ ಒತ್ತಿದರೆ ಶೆಲ್‌ನಿಂದಲೇ ಹೊರಬರುತ್ತೀರಿ. ಬರವಣಿಗೆ ಇರುವ ಸಾಲಿನ ನಡುವೆ ಒತ್ತಿದರೆ ಕರ್ಸರ್ ಇರುವ ಅಕ್ಷರ ಮಾತ್ರ ಅಳಿಯುತ್ತದೆ.

ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ

ಆಪಲ್‌ನ ಮ್ಯಾಕ್ ಗಣಕಗಳಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಬ್ಯಾಶ್ ಬದಲು ಝಡ್‌ಶೆಲ್ ಮೊದಲ ಆಯ್ಕೆಯಾಗಿದೆ. ಮೇಲಿನ ಕೀಲಿಗಳಲ್ಲಿ ಬಹುಪಾಲು ಅಲ್ಲೂ ನಡೆಯುತ್ತವೆ. ಆದರೆ ಕಂಟ್ರೋಲ್-ಯು ಅಲ್ಲಿ ಇಡೀ ಸಾಲನ್ನೇ ತೆಗೆಯುತ್ತದೆ. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಆಲ್ಟ್‌ನ ಕೆಲಸ ಮಾಡಬೇಕಾದ ಆಪ್ಷನ್ ಕೀಲಿ, ಸೆಟ್ಟಿಂಗ್ ಬದಲಿಸುವವರೆಗೂ ಮಾತು ಕೇಳುವುದಿಲ್ಲ. ಅಲ್ಲಿಯವರೆಗೆ ಎಸ್ಕೇಪ್ ಒತ್ತಿ ಬಿಟ್ಟು ಆಮೇಲೆ ಅಕ್ಷರ ಒತ್ತಿದರೂ ಅದೇ ಫಲ. ಮೈಕ್ರೋಸಾಫ್ಟ್ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಕಂಟ್ರೋಲ್-ಆರ್ ನಡೆಯುತ್ತದೆ; ಕಂಟ್ರೋಲ್-ಎ ಮಾತ್ರ ಎಲ್ಲವನ್ನೂ ಆಯ್ಕೆ ಮಾಡುತ್ತದೆ. ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಸೌಲಭ್ಯ 2016ರಿಂದ ಇರುವುದರಿಂದ, ಬ್ಯಾಶ್ ಬೇಕಾದವರಿಗೆ ಈಗ ಅಡ್ಡಿಯಿಲ್ಲ.

ಬ್ರೌಸರಿನೊಳಗೆ ಟರ್ಮಿನಲ್ ತೆರೆದು ದೂರದ ಸರ್ವರ್ ನಡೆಸುವವರು ಕಂಟ್ರೋಲ್-ಡಬ್ಲ್ಯು ಬಗ್ಗೆ ಜಾಗ್ರತೆ ವಹಿಸಬೇಕು. ಒಂದು ಪದ ಅಳಿಯಲಿ ಎಂದು ಒತ್ತಿದರೆ ಬ್ರೌಸರ್ ಆ ಪುಟವನ್ನೇ ಮುಚ್ಚುತ್ತದೆ. ಅಲ್ಲಿ ಆಲ್ಟ್-ಬ್ಯಾಕ್‌ಸ್ಪೇಸ್ ಲೇಸು.

ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೂ ಒಂದು ಮಾತು. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುತ್ತದೆ. ನಮ್ಮ ಒತ್ತಕ್ಷರಗಳು ಆ ಲೆಕ್ಕಕ್ಕೆ ಒಗ್ಗುವುದಿಲ್ಲ. 'ಸ್ತ್ರೀ' ಎಂಬ ಒಂದಕ್ಷರ ಯುನಿಕೋಡಿನಲ್ಲಿ ಆರು ಸಂಕೇತಗಳ ಸರಣಿ. ಹಾಗಾಗಿ ಕರ್ಸರ್ ಒಂದು ಕಡೆ ಕಾಣಿಸಿ, ಬರವಣಿಗೆ ಇನ್ನೊಂದು ಕಡೆ ಮೂಡುವುದುಂಟು. ಇಂಥ ಹೆಸರನ್ನು ಕೈಯಲ್ಲಿ ಬರೆದು ತಿದ್ದುವ ಸಾಹಸ ಬೇಡ. ಮೊದಲ ಅಕ್ಷರ ಬರೆದು ಟ್ಯಾಬ್ ಒತ್ತಿ, ಶೆಲ್ಲೇ ತುಂಬಲಿ. ಮುಂದಿನ ಆದೇಶಕ್ಕೆ ಅದೇ ಹೆಸರು ಬೇಕಾದರೆ ಆಲ್ಟ್-ಚುಕ್ಕೆ ಇದ್ದೇ ಇದೆ.

ಇಷ್ಟನ್ನೂ ಒಂದೇ ದಿನ ಕಲಿಯಲು ಹೊರಟರೆ ಎಲ್ಲವೂ ಕಲಸಿಹೋಗುತ್ತವೆ. ವಾರಕ್ಕೆ ಎರಡು ಕೀಲಿ ಸಾಕು. ಮೊದಲ ವಾರ ಕಂಟ್ರೋಲ್-ಎ ಮತ್ತು ಕಂಟ್ರೋಲ್-ಆರ್ ಇರಲಿ. ಕೈ ಬಾಣದ ಕೀಲಿಗೆ ಹೋದಾಗಲೆಲ್ಲ ಹಿಂದಕ್ಕೆ ಎಳೆದುಕೊಳ್ಳಿ. ನಾಲ್ಕಾರು ದಿನ ಮೊದಲಿಗಿಂತ ನಿಧಾನವೇ ಆಗುತ್ತದೆ, ಬೇಸರಿಸಬೇಡಿ. ವಿಐ ಸಂಪಾದಕದ ಕೀಲಿಗಳೇ ಕೈಗೆ ಒಗ್ಗಿರುವವರಿಗೆ ಬ್ಯಾಶ್‌ನಲ್ಲಿ ಆ ಪದ್ಧತಿಯೂ ಲಭ್ಯ; ಅದು ಬೇರೆಯದೇ ಲೋಕ. ನಿಮ್ಮ ಗಣಕದಲ್ಲಿ ಯಾವ ಕೀಲಿಗೆ ಯಾವ ಕೆಲಸ ನಿಗದಿಯಾಗಿದೆ ಎಂಬ ಪೂರ್ಣ ಪಟ್ಟಿ ಬೇಕಿದ್ದರೆ, ಬ್ಯಾಶ್‌ನಲ್ಲಿ ಬೈಂಡ್ ಎಂಬ ಆದೇಶ ಬರೆದು, ಖಾಲಿ ಜಾಗ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡಕ್ಷರದ ಪಿ ಸೇರಿಸಿ ಎಂಟರ್ ಒತ್ತಿ. ಪಟ್ಟಿ ಪರದೆಗೆ ಮೀರಿ ಹರಿದರೆ ಕಂಟ್ರೋಲ್-ಎಲ್ ಒತ್ತಿ ಪರದೆಯನ್ನು ಶುಚಿಗೊಳಿಸಿಕೊಳ್ಳಿ.